ಗೀರು ಬೀಳದ ಮೊಣಕೈ

ದ್ರೋಸೋಸನನ್ನು ಮಣ್ಣು ಮಾಡಿದ ಮಾರನೆಯ ಬೆಳಿಗ್ಗೆ ಮೀನಿನವನ ಗಾಡಿ ಓಣಿಯಲ್ಲಿ ಸಿಕ್ಕಿಹಾಕಿಕೊಂಡಿತು.

ಕಾಲಿಮ್ನೋಸ್ ದ್ವೀಪದ ಓಣಿಗಳೇ ಹಾಗೆ. ಒಂದು ಕತ್ತೆ ನಿಂತರೆ ಇನ್ನೊಂದು ಹಿಂದಕ್ಕೆ ಹೋಗಬೇಕು. ಅವತ್ತು ನಿಂತಿದ್ದದ್ದು ಕತ್ತೆಯಲ್ಲ, ಮೋಟಾರ್ ಸೈಕಲ್. ಹಿಂದಿನ ಸಂಜೆ ಪೊಲೀಸರು ತಂದು ಮನೆಯ ಮೆಟ್ಟಿಲಿಗೆ ಒರಗಿಸಿ ಹೋಗಿದ್ದರು.

“ಯಾರದ್ರೀ ಇದು? ತೆಗೀರಿ ಬೇಗ! ನನ್ನ ಬೂತಾಯಿ ಬಿಸಿಲಿಗೆ ಇಲ್ಲೇ ಬೇಯ್ತಾ ಇದೆ!” ಮೀನಿನವನು ಹಾರನ್ ಒತ್ತಿದ.

ಥೆಮೆಲೀನಾ ಹೊರಗೆ ಬಂದಳು. ಅವಳ ಕರಿ ಉಡುಪು ಕಂಡ ಕೂಡಲೇ ಅವನು ಹಾರನ್ನಿನಿಂದ ಕೈ ತೆಗೆದ.

“ತಪ್ಪಾಯ್ತು ತಾಯಿ. ಗೊತ್ತಾಗ್ಲಿಲ್ಲ.”

“ಪರವಾಗಿಲ್ಲ. ನೀವು ಮುಂದೆ ಎತ್ತಿ ಹಿಡೀರಿ. ಮುಂದಿನ ಚಕ್ರ ತಿರುಗಲ್ಲ.”

ಇಬ್ಬರೂ ಸೇರಿ ಅವಳ ಗಂಡ ದ್ರೋಸೋಸನ ಗಾಡಿಯನ್ನು ಗೋಡೆಯ ಪಕ್ಕಕ್ಕೆ ಸರಿಸಿದರು. ಮೀನಿನವನು ಒಂದು ಹಿಡಿ ಬೂತಾಯಿ ಮೀನನ್ನು ಕಾಗದದಲ್ಲಿ ಸುತ್ತಿ ಮೆಟ್ಟಿಲ ಮೇಲಿಟ್ಟ. ಮತ್ತೆ ಹಾರನ್ ಮಾಡದೆ ಹೋದ. ಥೆಮೆಲೀನಾ ಅಲ್ಲೇ ನಿಂತಳು. ಅಳು ಬರಲಿಲ್ಲ. ಚರ್ಚಿನಲ್ಲೂ ಬಂದಿರಲಿಲ್ಲ.

ಗಾಡಿಯ ಹ್ಯಾಂಡಲಿಗೆ ಒಂದು ಹೆಲ್ಮೆಟ್ ಸಿಕ್ಕಿಸಿದ್ದರು. ಬಿಳಿ ಬಣ್ಣ, ನಡುವೆ ಕೆಂಪು ಪಟ್ಟಿ. ಅದು ದ್ರೋಸೋಸನದಲ್ಲ. ಬ್ರೆಡ್ಡಿನ ಭಟ್ಟಿ ಇಟ್ಟುಕೊಂಡಿರುವ ಅವನ ಗೆಳೆಯ ಸಕೆಲಾರಿಸನದು. ಇವರ ಮದುವೆಯಲ್ಲಿ ಗಂಡುಹೆಣ್ಣಿನ ತಲೆಯ ಮೇಲಿನ ಹೂವಿನ ಕಿರೀಟಗಳನ್ನು ಅದಲು ಬದಲು ಮಾಡಿದವನು ಅವನೇ.

ಆ ಹೆಲ್ಮೆಟ್ಟನ್ನು ಊರಲ್ಲಿ ಎಲ್ಲರೂ ಬಲ್ಲರು. ಬಂದರಿನ ತಿರುವಿನಲ್ಲಿ ಪೊಲೀಸರು ನಿಂತರೆ, ಎದುರಿಗೆ ಬರುವವರು ದೀಪ ಮಿನುಗಿಸಿ ಸುಳಿವು ಕೊಡುತ್ತಾರೆ. ಸುಳಿವು ಸಿಕ್ಕವರು ಮೊಣಕೈಗೆ ಸಿಕ್ಕಿಸಿಕೊಂಡ ಹೆಲ್ಮೆಟ್ಟನ್ನು ತಲೆಗೇರಿಸುತ್ತಾರೆ. ಪೊಲೀಸರನ್ನು ದಾಟಿದರೆ ಮತ್ತೆ ಮೊಣಕೈಗೆ. ಸ್ವಂತದ್ದು ಇಲ್ಲದವರು ಗೆಳೆಯರ ಬಳಿ ಎರವಲು ತರುತ್ತಾರೆ. ಕೆಂಪು ಪಟ್ಟಿಯ ಹೆಲ್ಮೆಟ್ ಹೀಗೆ ಅರ್ಧ ಊರಿನ ತಲೆ ನೋಡಿತ್ತು. ಮೊಣಕೈಗಳನ್ನು ಅದಕ್ಕಿಂತ ಹೆಚ್ಚು ನೋಡಿತ್ತು.

ದ್ರೋಸೋಸ್ ಒಂದು ಪೊಟ್ಟಣ ಗಾಳ ತರಲು ಹೊರಟಿದ್ದ. ಬಂದರಿನಲ್ಲಿ ತಪಾಸಣೆ ಇದೆ ಎಂದು ಸಕೆಲಾರಿಸನಿಂದ ಹೆಲ್ಮೆಟ್ ಎರವಲು ತಂದ. ಪೊಲೀಸರನ್ನು ದಾಟಿದ. ದೋಣಿ ಕಟ್ಟುವ ಅಂಗಳದ ಆಚೆ ರಸ್ತೆಗೆ ಮರಳು ಚೆಲ್ಲಿತ್ತು. ಅಲ್ಲಿ ಜಾರಿದ. ಹೇಳಿಕೊಳ್ಳುವಂಥ ವೇಗವೂ ಇರಲಿಲ್ಲ.

ಪಕ್ಕದ ಮನೆಯ ಅನೆಜೀನಾ ರಾತ್ರಿ ಪಾಳಿ ಮುಗಿಸಿ ಬರುತ್ತಿದ್ದವಳು ನಿಂತಳು. ಆಸ್ಪತ್ರೆಯಲ್ಲಿ ನರ್ಸು. ಮೆಟ್ಟಿಲ ಮೇಲೆ ಕುಳಿತು ಚಪ್ಪಲಿ ಕಳಚಿದಳು.

“ಏನಾದ್ರೂ ತಿಂದ್ಯೇನೇ?”

“ಮೀನಿತ್ತು.”

“ತಿಂದ್ಯಾ?”

“ಬೆಕ್ಕು ತಿಂತು.”

ಅನೆಜೀನಾ ಬೆಕ್ಕನ್ನು ನೋಡಿದಳು. ಅದು ಕಾಗದ ನೆಕ್ಕುತ್ತಿತ್ತು.

“ಅಕ್ಕ, ಅವನನ್ನ ಕರ್ಕೊಂಡು ಬಂದಾಗ ನೀನೇ ಇದ್ದೆಯಲ್ಲ. ಎಡಗೈ ಹೇಗಿತ್ತು?”

“ಯಾಕೆ ಈಗ ಅದೆಲ್ಲ?”

“ಹೇಳು.”

“ಎಡಗೈಗೆ ಏನೂ ಆಗಿರ್ಲಿಲ್ಲ. ಮೊಣಕೈಗೆ ಒಂದು ಗೀರೂ ಇರ್ಲಿಲ್ಲ.”

ಥೆಮೆಲೀನಾ ಹೆಲ್ಮೆಟ್ಟನ್ನು ತೆಗೆದು ತಿರುಗಿಸಿದಳು. ಅದರ ಒಂದು ಬದಿ ರಸ್ತೆಗೆ ಉಜ್ಜಿ ಬಣ್ಣವೆಲ್ಲ ಹೋಗಿತ್ತು.

“ಹಾಗಾದ್ರೆ ಇದು ಕೆಲಸ ಮಾಡಿದೆ.”

“ಮಾಡಿದೆ. ಮೊಣಕೈಗೆ ಮಾಡಿದೆ” ಎಂದಳು ಅನೆಜೀನಾ.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಸ್ಕೂಟರ್ ಸದ್ದಾಯಿತು. ಸಕೆಲಾರಿಸ್. ಚಡ್ಡಿ, ಹವಾಯಿ ಚಪ್ಪಲಿ, ಬರೀ ತಲೆ. ಹಿಂದೆ ಬ್ರೆಡ್ಡಿನ ಬುಟ್ಟಿ. ದಿನಾ ಅದೇ ಬುಟ್ಟಿ ಕಟ್ಟಿಕೊಂಡು ಅದೇ ತಿರುವು ಹಾದು ಹೋಗುವವನು. ಬುಟ್ಟಿ ಬಿಚ್ಚಿದ ಮೇಲೆ ಅದೇ ಸೀಟಿನಲ್ಲಿ ತುಂಬು ಬಸುರಿ ಹೆಂಡತಿ ಕಲೊತೀನಾಳನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋಗುವವನು. ಥೆಮೆಲೀನಾಳ ಕೈಗೆ ಬಿಸಿ ಬ್ರೆಡ್ಡು ಕೊಟ್ಟ. ಹೆಲ್ಮೆಟ್ ನೋಡಿದ. ಆಮೇಲೆ ಗೋಡೆ ನೋಡಿದ.

“ತಂಗಿ, ಹೇಗಿದ್ದೀಯಾ ಅಂತ ಕೇಳೋಕೂ ಬಾಯಿ ಬರಲ್ಲ.”

“ಕೇಳ್ಬೇಕು ಅಂತ ಬಂದಿದ್ದು ಅದಲ್ಲ. ಕೇಳಣ್ಣ.”

“ಏನಿಲ್ಲಮ್ಮ... ನಾನು ಕೇಳ್ಬಾರ್ದು. ಆದ್ರೆ ಬಂದರಲ್ಲಿ ಬೆಳಗಿನಿಂದ ನಿಂತ್ಕೊಂಡಿದಾರೆ. ಇದಾದ ಮೇಲೆ ಬಿಡ್ತಾನೇ ಇಲ್ಲ. ಬ್ರೆಡ್ಡು ಅಂಗಡಿಗಳಿಗೆ ಮುಟ್ಟಿಸ್ಬೇಕಲ್ಲ. ಆ ಹೆಲ್ಮೆಟ್ಟು ಕೊಟ್ರೆ...”

“ಪೊಲೀಸ್ರಿಗೆ ತೋರ್ಸೋಕೆ ಬೇಕು, ಅಲ್ವೇನೋ?” ಅನೆಜೀನಾ ಕೇಳಿದಳು.

“ಇನ್ಯಾತಕ್ಕೆ ಅಕ್ಕ? ಅದನ್ನ ಹಾಕ್ಕೊಂಡ್ರೆ ಭಟ್ಟಿ ಒಳಗೇ ತಲೆ ಇಟ್ಟ ಹಾಗಾಗುತ್ತೆ. ಕಿವಿ ಕೇಳಲ್ಲ. ಬಿದ್ರೆ ಅದರ ಭಾರಕ್ಕೇ ಕುತ್ತಿಗೆ ಮುರಿಯುತ್ತಂತೆ.”

“ಯಾರಂದ್ರು?”

“ಕಾಫಿ ಅಂಗಡೀಲಿ ಅಂತಾರೆ.”

“ಕಾಫಿ ಅಂಗಡಿಯವ್ರು ಯಾವತ್ತಾದ್ರೂ ತಲೆ ಹೊಲಿದಿದಾರಾ? ನಾನು ಹೊಲಿಯೋವಾಗ ಪಕ್ಕದಲ್ಲಿ ನಿಂತಿದೀನಿ. ಹೆಲ್ಮೆಟ್ ಭಾರಕ್ಕೆ ಕುತ್ತಿಗೆ ಮುರ್ಕೊಂಡು ಬಂದವನನ್ನ ನಾನು ನೋಡಿಲ್ಲ. ತಲೇಲಿ ಇದ್ದಿದ್ರೆ ಬದುಕ್ತಿದ್ರು ಅನ್ನೋ ಹಾಗೆ ಬಂದ ಎಷ್ಟೋ ಜನರನ್ನ ನೋಡಿದೀನಿ.”

“ಬಂದರಿನಿಂದ ಅಂಗಡಿಗೆ ಎಷ್ಟು ದೂರ ಅಕ್ಕ? ನಲವತ್ತರಲ್ಲಿ ಹೋಗ್ತೀನಿ. ಅಷ್ಟಕ್ಕೆ ಏನಾಗುತ್ತೆ?”

ಥೆಮೆಲೀನಾ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವಳು. ಎದುರು ಮನೆಯ ತಾರಸಿ ತೋರಿಸಿದಳು. ಎರಡಂತಸ್ತಿನ ಮನೆ. ಮೇಲೆ ಬಟ್ಟೆ ಒಣಗುತ್ತಿತ್ತು.

“ನಲವತ್ತರಲ್ಲಿ ಹೋಗಿ ಗೋಡೆಗೆ ತಲೆ ಹೊಡೆಯೋದೂ, ಅಲ್ಲಿಂದ ತಲೆಕೆಳಗಾಗಿ ಬೀಳೋದೂ ಒಂದೇ. ಅಲ್ಲಿಂದ ಹಾರ್ತೀಯಾ ಅಣ್ಣ?”

ಸಕೆಲಾರಿಸ್ ತಾರಸಿ ನೋಡಿದ. ಹೆಲ್ಮೆಟ್ಟಿಗಾಗಿ ಕೈ ಚಾಚಿದ.

ಥೆಮೆಲೀನಾ ಒಳಗೆ ಹೋಗಿ ಕತ್ತರಿ ತಂದಳು. ಹೆಲ್ಮೆಟ್ಟಿನ ಗಲ್ಲದ ಪಟ್ಟಿಯನ್ನು ಕಚಕ್ಕನೆ ಕತ್ತರಿಸಿದಳು.

“ಏಯ್! ಏನ್ ಮಾಡ್ತಿದ್ದೀಯಾ? ಒಳ್ಳೇ ಹೆಲ್ಮೆಟ್ಟು ಅದು!”

“ಅಲ್ಲ” ಎಂದಳು ಅನೆಜೀನಾ. ಅವನ ಹೆಬ್ಬೆರಳು ಹಿಡಿದು ಹೆಲ್ಮೆಟ್ಟಿನ ಒಳಗೆ ಒತ್ತಿಸಿದಳು. “ಇಲ್ಲಿ ತಗ್ಗಿದೆ ನೋಡು. ಒಳಗಿರೋ ಥರ್ಮಾಕೋಲ್ ಒಂದೇ ಒಂದು ಸಲ ಪೆಟ್ಟು ತಿನ್ನುತ್ತೆ. ತಿಂದು ಅಮುಕಿಹೋಗುತ್ತೆ. ಆಮೇಲೆ ಅದು ಬರೀ ಬಟ್ಟಲು. ಹೊರಗೆ ಎಷ್ಟೇ ಚೆನ್ನಾಗಿ ಕಂಡ್ರೂ ಪೆಟ್ಟು ತಿಂದ ಹೆಲ್ಮೆಟ್ಟನ್ನ ಇನ್ನೊಬ್ರಿಗೆ ಕೊಡಬಾರ್ದು. ಯಾರೂ ಹಾಕ್ಕೊಳ್ದೆ ಇರ್ಲಿ ಅಂತಲೇ ಪಟ್ಟಿ ಕತ್ತರಿಸಿದ್ದು.”

ಒಳಗಿನಿಂದ ಊರುಗೋಲಿನ ಸದ್ದು ಬಂತು. ಥೆಮೆಲೀನಾಳ ಮಾವ ನೋಮಿಕೋಸ್. ಒಂದು ಕಾಲದಲ್ಲಿ ಸಮುದ್ರದ ತಳಕ್ಕಿಳಿದು ಸ್ಪಂಜು ಕೀಳುತ್ತಿದ್ದವನು. ಆ ಕೆಲಸದಲ್ಲಿ ಮೇಲಕ್ಕೆ ಬರುವಾಗ ನಿಧಾನವಾಗಿ ಬರಬೇಕು. ಅವಸರ ಮಾಡಿದರೆ ರಕ್ತದಲ್ಲಿ ಗಾಳಿಯ ಗುಳ್ಳೆ ಕಟ್ಟುತ್ತದೆ. ಆದರೆ ನಿಧಾನವಾಗಿ ಬರುವವನನ್ನು ಹೇಡಿ ಎಂದು ಹುಡುಗರು ಆಡಿಕೊಳ್ಳುತ್ತಿದ್ದರು. ನೋಮಿಕೋಸ್ ಒಂದು ದಿನ ಸರ್ರನೆ ಬಂದ. ಅಂದಿನಿಂದ ಎಡಗಾಲು ಎಳೆಯುತ್ತದೆ. ಊರಲ್ಲಿ ಅಂಥ ಕಾಲುಗಳು ಬಹಳ ಇದ್ದವು.

“ಸಾಕು ಬಿಡ್ರೇ” ಎಂದ ನೋಮಿಕೋಸ್. “ಅವನ ಗಳಿಗೆ ಬಂದಿತ್ತು, ಹೋದ. ಹಣೇಲಿ ಬರೆದಿದ್ದನ್ನ ಯಾವ ಟೋಪಿ ತಡೆಯುತ್ತೆ?”

ಅವನ ಹಿಂದೆ, ಕಪಾಟಿನ ಮೇಲೆ, ಅವನ ಮುಳುಗುವ ಟೋಪಿ ಇತ್ತು. ತಾಮ್ರದ್ದು. ಮೂರು ಗಾಜಿನ ಕಿಟಕಿಗಳದ್ದು. ದ್ರೋಸೋಸ್ ಹುಡುಗನಾಗಿದ್ದಾಗ ಅದರೊಳಗೆ ತಲೆ ತೂರಿಸಿ ಹೊರಬರಲಾರದೆ ಅತ್ತಿದ್ದನಂತೆ.

ಥೆಮೆಲೀನಾ ಅದರತ್ತ ನೋಡಿ ಕೇಳಿದಳು:

“ಮಾವ, ನೀವು ನೀರಿಗೆ ಇಳಿಯೋವಾಗ ಅದನ್ನ ಎಲ್ಲಿ ಇಟ್ಕೋತಿದ್ರಿ?”

“ಇದೆಂಥ ಪ್ರಶ್ನೆ ಮಗಳೇ? ತಲೇಲಿ. ಹನ್ನೆರಡು ಬೋಲ್ಟು ಬಿಗಿದು.”

“ಮೊಣಕೈಗೆ ಹಾಕ್ಕೊಂಡು ಯಾರೂ ಇಳೀಲಿಲ್ವಾ?”

“ಹುಚ್ಚು ಹಿಡಿದಿದ್ಯಾ? ಮೊಣಕೈಗೆ ಹಾಕ್ಕೊಂಡು ಇಳಿದ್ರೆ ಮೇಲಕ್ಕೆ ಬರೋದು...”

ಮುದುಕ ಸೊಸೆಯ ಮುಖ ನೋಡಿದ. ಅವಳು ಕಣ್ಣು ಕೆಳಗಿಳಿಸಲಿಲ್ಲ. ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಸಕೆಲಾರಿಸ್ ಸ್ಕೂಟರ್ ಹತ್ತಿದ.

“ಇರು. ತಲೆ ಬಗ್ಗಿಸು” ಎಂದಳು ಥೆಮೆಲೀನಾ. ಅವಳ ಕೈಯಲ್ಲಿ ಹೊಲಿಗೆ ಡಬ್ಬಿಯ ಟೇಪಿತ್ತು. ಹುಬ್ಬಿನ ಮೇಲಿನಿಂದ ತಲೆಯ ಸುತ್ತ ಹಿಡಿದು ಅಳೆದಳು.

“ಶವದ ಪೆಟ್ಟಿಗೆ ಮಾಡೋನು ಅಳತೆ ತಗೊಂಡ ಹಾಗಿದೆಯಲ್ಲೇ” ಎಂದು ಬಾಯಿ ತಪ್ಪಿ ಅಂದವನು ನಾಲಿಗೆ ಕಚ್ಚಿಕೊಂಡ.

“ಅವನು ಉದ್ದ ತಗೋತಾನೆ. ನಾನು ಸುತ್ತಳತೆ ತಗೋತಿದೀನಿ.”

ಅವನು ಬರೀ ತಲೆಯಲ್ಲೇ ಹೋದ. ಪೊಲೀಸರಿಲ್ಲದ ಹಿಂದಿನ ಓಣಿ ಹಿಡಿದ. ಆಮೇಲೂ ಹಾಗೆಯೇ ಹೋಗುತ್ತಿದ್ದ. ಥೆಮೆಲೀನಾ ಕಿಟಕಿಯಲ್ಲಿ ಸ್ಕೂಟರಿನ ಸದ್ದು ಕೇಳುತ್ತಿದ್ದಳು. ಹೋದ ಸದ್ದು ಕೇಳಿದ ಮೇಲೆ ವಾಪಸು ಬಂದ ಸದ್ದು ಕೇಳುವವರೆಗೆ ಕೈಯಲ್ಲಿನ ಕೆಲಸ ನಿಲ್ಲುತ್ತಿತ್ತು. ಅವನ ಮಗು ಇನ್ನೂ ಹುಟ್ಟಿರಲಿಲ್ಲ.

ಭಾನುವಾರ ಚರ್ಚು ಬಿಟ್ಟ ಮೇಲೆ ಬಂದರಿನ ಕಾಫಿ ಅಂಗಡಿ ತುಂಬಿತ್ತು. ಮುಂದೆ ಸಾಲಾಗಿ ಮೋಟಾರ್ ಸೈಕಲ್ಲುಗಳು. ಕುಳಿತವರ ಮೊಣಕೈಗಳಲ್ಲಿ ಹೆಲ್ಮೆಟ್ಟುಗಳು. ಮೀನಿನವನ ಗಾಡಿ ಬಂದು ನಿಂತಿತು. ಅದರಿಂದ ನೋಮಿಕೋಸ್ ಇಳಿದ. ಬಲಗೈಯಲ್ಲಿ ಊರುಗೋಲು. ಎಡ ಮೊಣಕೈಗೆ ಹಗ್ಗ ಕಟ್ಟಿ ನೇತುಹಾಕಿದ ತಾಮ್ರದ ಟೋಪಿ.

“ಎಲ್ಲಿಗೆ ಹೊರಟೆ ತಾತ?”

“ಸಮುದ್ರಕ್ಕೆ ಇಳೀತೀನಿ.”

“ಟೋಪಿ ಕೈಯಲ್ಲಿದೆಯಲ್ಲ!”

“ತಲೆಗೆ ಸೆಖೆ ಕಣಯ್ಯ. ಕೂದಲು ಕೆಡುತ್ತೆ. ಕಿವಿನೂ ಕೇಳಲ್ಲ. ಕೆಳಗಡೆ ಪೊಲೀಸು ಕಂಡ್ರೆ ಹಾಕ್ಕೋತೀನಿ.”

ಅಂಗಡಿ ಗೊಳ್ಳೆಂದು ನಕ್ಕಿತು. ಅವನ ತಲೆಯಲ್ಲಿ ಕೂದಲೇ ಇರಲಿಲ್ಲ.

ನೋಮಿಕೋಸ್ ನಗಲಿಲ್ಲ. ಕಾಲೆಳೆಯುತ್ತಾ ದೋಣಿ ನಿಲ್ಲುವ ಧಕ್ಕೆಯ ಅಂಚಿನತ್ತ ನಡೆದ. ತಾಮ್ರದ ಭಾರಕ್ಕೆ ಎಡಭುಜ ಜೋತುಬಿದ್ದಿತ್ತು. ನಗು ಒಂದೊಂದೇ ಮೇಜಿನಲ್ಲಿ ನಿಲ್ಲುತ್ತಾ ಬಂತು. ಅಂಚಿನಲ್ಲಿ ನಿಂತು ಅವನು ತಿರುಗಿದ.

“ಯಾಕೆ ನಗೋದು ನಿಲ್ಸಿದ್ರಿ? ನನ್ನ ಮಗ ಹೀಗೇ ಹೋದ. ಅವತ್ತು ಯಾರಿಗೂ ನಗು ಬರ್ಲಿಲ್ಲ. ಹುಚ್ಚು ಅಂತಲೂ ಅನ್ನಿಸ್ಲಿಲ್ಲ. ಯಾಕಂದ್ರೆ ನೀವೂ ಹೀಗೇ ಹೋಗ್ತೀರಿ.”

ಕೆಲವರು ಮೊಣಕೈಯನ್ನು ಮೇಜಿನ ಕೆಳಗಿಳಿಸಿದರು.

ಕೊನೆಗೆ ಸಕೆಲಾರಿಸ್ ಎದ್ದು ಹೋಗಿ ಹಗ್ಗಕ್ಕೆ ಕೈ ಹಾಕಿದ. “ಕೊಡು ತಾತ, ಭಾರ.”

“ಕೈಯಲ್ಲಿ ಹಿಡಿದ್ರೆ ಭಾರ ಕಣೋ. ತಲೇಲಿದ್ದಾಗ ಯಾವತ್ತೂ ಭಾರ ಅನ್ನಿಸಿರ್ಲಿಲ್ಲ.”

ಚರ್ಚಿನಿಂದ ಬರುತ್ತಿದ್ದ ಅನೆಜೀನಾ ಆ ಭಾನುವಾರ ಕಾಫಿ ಅಂಗಡಿಯೊಳಗೆ ಬಂದಳು. ಥೆಮೆಲೀನಾ ಕೂಡ ಬಂದಳು. ಗಂಡಸರೇ ಕೂರುವ ಅಂಗಡಿ ಅದು. ಕರಿ ಉಡುಪಿನ ಹೆಂಗಸಿಗೆ ಯಾರೋ ಕುರ್ಚಿ ಬಿಟ್ಟುಕೊಟ್ಟರು. ಇಬ್ಬರೂ ಅಲ್ಲಿದ್ದ ಹೆಲ್ಮೆಟ್ಟುಗಳನ್ನೆಲ್ಲ ಒಬ್ಬೊಬ್ಬರ ತಲೆಗೆ ಹಾಕಿಸಿ ನೋಡಿದರು.

“ತಲೆ ಅಲ್ಲಾಡ್ಸು” ಎಂದಳು ಅನೆಜೀನಾ. “ನೋಡು, ತಲೆ ಈ ಕಡೆ, ಹೆಲ್ಮೆಟ್ಟು ಆ ಕಡೆ. ಇದು ನಿನ್ನ ತಲೇದಲ್ಲ.”

“ನಮ್ಮಣ್ಣನದು.”

“ಅವನಿಗೇ ಕೊಡು. ನಿನ್ನ ಅಳತೇದು ತಗೋ. ಕೆನ್ನೆಗೆ ಒತ್ಕೊಂಡು ಕೂರ್ಬೇಕು, ಆದ್ರೆ ಹಣೆ ನೋಯಬಾರ್ದು.”

“ಪಟ್ಟಿ ಹಾಕ್ಲೇಬೇಕಾ? ಗಲ್ಲ ಕೊರೆಯುತ್ತೆ.”

“ಹಾಕ್ದೆ ಇದ್ರೆ ನೀನು ನೆಲ ಮುಟ್ಟೋ ಮೊದ್ಲೇ ಅದು ಹಾರಿಹೋಗುತ್ತೆ. ಪಟ್ಟಿ ಮತ್ತೆ ಗಲ್ಲದ ನಡುವೆ ಎರಡು ಬೆರಳು ಹಿಡಿಸ್ಬೇಕು. ಮೂರು ಹಿಡಿಸಿದ್ರೆ ಸಡಿಲ.”

ಚಡ್ಡಿ ಹಾಕಿದ್ದವನೊಬ್ಬ ನಕ್ಕ. “ಇನ್ನು ಬೇಸಿಗೇಲಿ ಕೋಟು ಹಾಕ್ಕೋ ಅಂತೀಯಾ ಅಕ್ಕ?”

“ಅಂತೀನಿ. ಭುಜಕ್ಕೆ, ಮೊಣಕೈಗೆ ಮೆತ್ತೆ ಇರೋ ಜಾಕೆಟ್ಟು ಸಿಗುತ್ತೆ. ಗಾಳಿ ಆಡೋ ಥರದ್ದೂ ಇದೆ. ಕೊನೇ ಪಕ್ಷ ದಪ್ಪ ಪ್ಯಾಂಟು ಹಾಕು. ಹರಿದುಹೋದ ಚರ್ಮದೊಳಗಿಂದ ಒಂದೊಂದೇ ಕಲ್ಲು ಚಿಮಟದಲ್ಲಿ ತೆಗೆಯೋವಾಗ ಆಗೋ ಸೆಖೆ ನಿಂಗೊತ್ತಿಲ್ಲ. ಕೈಗವಸು ಹಾಕು. ಬೀಳೋವಾಗ ಎಲ್ಲಕ್ಕಿಂತ ಮೊದ್ಲು ಅಂಗೈ ನೆಲಕ್ಕೆ ಹೋಗುತ್ತೆ. ಹವಾಯಿ ಚಪ್ಪಲಿ ಮನೇಲಿ ಬಿಟ್ಟು ಕಾಲುಗಂಟು ಮುಚ್ಚೋ ಬೂಟು ಹಾಕು.”

“ಪೊಲೀಸ್ರನ್ನ ಕಂಡ್ರೆ ದೀಪ ಮಿನುಗಿಸೋದು?” ಇನ್ನೊಬ್ಬ ಕೇಳಿದ.

ಇದಕ್ಕೆ ಥೆಮೆಲೀನಾ ಉತ್ತರ ಕೊಟ್ಟಳು. “ರಸ್ತೇಲಿ ಮರಳು ಕಂಡ್ರೆ ಮಿನುಗಿಸಿ.”

ಸಕೆಲಾರಿಸ್ ಕೇಳಿಸಿಕೊಂಡ. ಮರುದಿನ ಅವನ ಸ್ಕೂಟರಿನ ಸದ್ದು ಬರಲಿಲ್ಲ. ಬುಟ್ಟಿ ಮೀನಿನವನ ಗಾಡಿಯಲ್ಲಿ ಹೋಯಿತು. ಬ್ರೆಡ್ಡು ಬೂತಾಯಿ ನಾರುತ್ತದೆ ಎಂದು ಅಂಗಡಿಯವರು ಬೈದರು. ಆದರೂ ಹಾಗೆಯೇ ಕಳಿಸಿದ.

ನಲವತ್ತನೆಯ ದಿನದ ಪ್ರಾರ್ಥನೆಗೆ ಥೆಮೆಲೀನಾ ಗೋಧಿ ಬೇಯಿಸಿದಳು. ದಾಳಿಂಬೆ ಬೀಜ, ಒಣದ್ರಾಕ್ಷಿ, ಮೇಲೆ ಸಕ್ಕರೆ ಪುಡಿ. ಚರ್ಚಿನಲ್ಲಿ ಹಂಚಿ ಉಳಿದದ್ದನ್ನು ಒಂದು ತಟ್ಟೆಯಲ್ಲಿ ತೆಗೆದುಕೊಂಡಳು. ಇನ್ನೊಂದು ಕೈಯಲ್ಲಿ ಒಂದು ದೊಡ್ಡ ಚೀಲ. ಸಕೆಲಾರಿಸನ ಭಟ್ಟಿಗೆ ಹೋದಳು.

ಅವನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದ.

“ದ್ರೋಸೋಸ್ ನಿನ್ನಿಂದ ಎರವಲು ತಂದಿದ್ದ. ವಾಪಸು ಕೊಡೋಕೆ ಬಂದೆ.”

ಚೀಲದಿಂದ ತೆಗೆದಳು. ಹೊಸ ಹೆಲ್ಮೆಟ್. ಬಿಳಿ ಬಣ್ಣ. ಕೆಂಪು ಪಟ್ಟಿಯದು ಅಂಗಡಿಯಲ್ಲಿ ಸಿಕ್ಕಿರಲಿಲ್ಲ. ಅವಳೇ ಕೆಂಪು ಟೇಪು ಅಂಟಿಸಿದ್ದಳು. ಸ್ವಲ್ಪ ಸೊಟ್ಟಗಾಗಿತ್ತು.

ಸಕೆಲಾರಿಸ್ ಮುಟ್ಟಲಿಲ್ಲ.

“ತಂಗಿ, ನಿಂಗೊಂದು ಗೊತ್ತಿಲ್ಲ. ಅವತ್ತು ನಾನೇ ಅವನಿಗೆ ಹೇಳ್ದೆ. ಬಂದರು ದಾಟಿದ ಮೇಲೆ ತೆಗೆದುಬಿಡೋ, ನಿನ್ನ ಬೆವರು ಹಿಡಿಸ್ಬೇಡ ನನ್ನ ಹೆಲ್ಮೆಟ್ಟಿಗೆ ಅಂತ.”

“ಗೊತ್ತು. ಮನೆಗೆ ಬಂದು ಹೇಳಿ ನಕ್ಕಿದ್ದ.”

“ಗೊತ್ತಿದ್ದೂ ಇದನ್ನ ತಂದ್ಯಾ?”

“ಗೊತ್ತಿದ್ದಿದ್ರಿಂದಲೇ ತಂದೆ. ಬಗ್ಗು.”

ಅವನು ಬಗ್ಗಿದ. ಅವಳು ಹೆಲ್ಮೆಟ್ಟನ್ನು ಅವನ ತಲೆಗಿಳಿಸಿದಳು. ಕೆನ್ನೆಗೆ ಒತ್ತಿಕೊಂಡು ಕುಳಿತಿತು. ಪಟ್ಟಿ ಬಿಗಿದಳು.

“ತಲೆ ಅಲ್ಲಾಡ್ಸು.”

ಅಲ್ಲಾಡಿಸಿದ. ಹೆಲ್ಮೆಟ್ಟು ತಲೆಯ ಜೊತೆಗೇ ತಿರುಗಿತು.

“ಬಾಗಿಲಲ್ಲೇ ಹಾಕ್ಕೋ. ಬಾಗಿಲಲ್ಲೇ ತೆಗಿ. ಬಿಸಿಲಲ್ಲಿ ಬಿಡ್ಬೇಡ. ಒಂದು ಸಲ ಪೆಟ್ಟು ಬಿದ್ರೆ ಎಸೆದುಬಿಡು. ಯಾರಿಗೂ ಎರವಲು ಕೊಡ್ಬೇಡ. ಚೀಲದಲ್ಲಿ ಇನ್ನೊಂದಿದೆ, ಅದು ಕಲೊತೀನಾಳದು. ಮಗು ಹುಟ್ಟೋವರೆಗೆ ಅವಳನ್ನ ಹಿಂದೆ ಕೂರಿಸ್ಬೇಡ. ಆಮೇಲೆ ಅದು ಇಲ್ದೆ ಕೂರಿಸ್ಬೇಡ.”

“ಆಯ್ತು.”

“ಬೆವರು ಹಿಡಿಸ್ಲಿ. ಒಗೆದ್ರೆ ಹೋಗುತ್ತೆ.”

ಕೊನೆಗೆ ಅವಳು ಗಲ್ಲದ ಪಟ್ಟಿಯೊಳಗೆ ಬೆರಳು ತೂರಿಸಿ ನೋಡಿದಳು. ಬೆರಳ ಮೇಲೆ ಬೆಚ್ಚಗೆ ಏನೋ ಹರಿಯಿತು. ಅವನು ಅಳುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಅವಳಿಗೆ ತನ್ನ ಕೆನ್ನೆಯೂ ಒದ್ದೆಯಾಗಿದ್ದದ್ದು ತಿಳಿಯಿತು.

ಎರಡು ಬೆರಳು ಹಿಡಿಸಿತು. ಮೂರನೆಯದು ಹಿಡಿಸಲಿಲ್ಲ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಈಗ ಒಮ್ಮೆ ಎದ್ದು ನಿಮ್ಮ ಗಾಡಿಯ ಹತ್ತಿರ ಹೋಗಿ. ಹೆಲ್ಮೆಟ್ ಎಲ್ಲಿದೆ ನೋಡಿ. ಕನ್ನಡಿಗೆ ನೇತಾಡುತ್ತಿದೆಯೇ, ಸೀಟಿನ ಕೆಳಗಿದೆಯೇ, ಯಾರದೋ ಮನೆಯಲ್ಲಿದೆಯೇ? ಒಳಗೆ ಹೆಬ್ಬೆರಳಿಂದ ಒತ್ತಿ ನೋಡಿ. ತಗ್ಗಿದ್ದರೆ ಇವತ್ತೇ ಪಟ್ಟಿ ಕತ್ತರಿಸಿ. ಗಟ್ಟಿಯಾಗಿದ್ದರೆ ಹಾಕಿಕೊಂಡು ಪಟ್ಟಿ ಬಿಗಿಯಿರಿ. ಎರಡು ಬೆರಳು ತೂರಿಸಿ ನೋಡಿ. ಹಿಂದೆ ಕೂರುವವರಿಗೂ ಹಾಗೆಯೇ ನೋಡಿ. ಗೆಳೆಯ ಬರೀ ತಲೆಯಲ್ಲಿ ಹೊರಟಿದ್ದರೆ ಕೀಲಿಕೈ ಕಿತ್ತುಕೊಳ್ಳಿ. ಅವನು ಬೈಯಲಿ.

ಮೊಣಕೈ ಮುರಿದರೆ ಆಸ್ಪತ್ರೆಯಲ್ಲಿ ಮೂಳೆ ಕೂಡಿಸುತ್ತಾರೆ. ಅದಕ್ಕೆ ಹೆಲ್ಮೆಟ್ ಬೇಡ.